ಹೂಳದೆ ಉಳಿದ ಕರ್ಚೀಫು

ಇದನ್ನು ಹೇಳಹೊರಟಿದ್ದಕ್ಕೆ ಕ್ಷಮಿಸಿ. ಸಂಜೆ ಕಾಲೇಜಿನಲ್ಲಿ ಓದಿ ಮಣ್ಣು ಪರೀಕ್ಷೆಯ ಕೆಲಸಕ್ಕೆ ಸೇರಿದವಳು ನಾನು. ಪ್ರೀತಿಯ ಬಗ್ಗೆ ಬರೆಯುವಷ್ಟು ತಿಳಿದವಳಲ್ಲ.

ಅಕ್ಕನ ಜೊತೆ ಬೇಸಾಯ ಮಾಡುತ್ತಾ ಮೇಕೆ ಸಾಕುವ ಯುವ ರೈತರೊಬ್ಬರ ಹೊಲದಲ್ಲಿ ಜೋಳದ ಸಾಲುಗಳ ನಡುವೆ ಮೇವಿನ ಮರ ನೆಡಿಸಿದ್ದು, ಕೊಯ್ಲಾದ ಮೇಲೆ ಅಲ್ಲೇ ಮೇಕೆ ಕಟ್ಟಿಸಿದ್ದು ನಾನೇ. ಸೊಪ್ಪು ಮೇಕೆಗೆ, ಹಿಕ್ಕೆ ಮಣ್ಣಿಗೆ. ಮೂರು ವರ್ಷವಾದರೂ ಅವರ ಅಕ್ಕನಿಗೆ ನಂಬಿಕೆ ಬಂದಿರಲಿಲ್ಲ.

"ನೆರಳಿಗೆ ಜೋಳ ಸೊರಗ್ತಿದೆ ಮೇಡಂ. ಮಣ್ಣಿಗೆ ಜೀವ ಬಂದಿದೆ ಅಂತೀರಲ್ಲ, ಕಣ್ಣಿಗೆ ತೋರ್ಸಿ. ಇಲ್ದಿದ್ರೆ ಮರ ಕಡಿಸಿ ಮೇಕೆ ಮಾರ್ತೀನಿ."

ನನ್ನ ಬಿಳಿ ಹತ್ತಿ ಕರ್ಚೀಫನ್ನು ಪಕ್ಕದಲ್ಲಿದ್ದ ತಮ್ಮನ ಕೈಗಿತ್ತೆ. "ಮರದ ಸಾಲಲ್ಲಿ ಗೇಣಾಳಕ್ಕೆ ಹೂತಿಡಿ. ಹತ್ತಿ ಬಟ್ಟೆಯನ್ನ ಮಣ್ಣಿನ ಸೂಕ್ಷ್ಮಜೀವಿಗಳು ತಿನ್ನುತ್ತವೆ. ಮಣ್ಣಿಗೆ ಜೀವ ಇದ್ರೆ ಎರಡು ತಿಂಗಳಲ್ಲಿ ತಿಂದಿರುತ್ತೆ."

ಅವರು ಅದರ ಅಂಚನ್ನು ಬೆರಳಿನಿಂದ ಸವರಿದರು. "ಪೂರ್ತಿ ತಿಂದ್ಬಿಡುತ್ತಾ?"

"ತಿನ್ನದಿದ್ರೆ ನನ್ನ ಮಾನ ಹೋಗುತ್ತೆ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಮರ ಹೋದರೆ ನನ್ನ ಮಾತು ಸುಳ್ಳಾಗುತ್ತಿತ್ತು. ಆ ಹೊಲಕ್ಕೆ ಹೋಗುವ ನೆಪವೂ ಉಳಿಯುತ್ತಿರಲಿಲ್ಲ.

ಎರಡು ತಿಂಗಳು ತುಂಬಿದ ದಿನ ಅಕ್ಕನೇ ಅಗೆದರು. ಕೆಸರು ಮೆತ್ತಿದ ಬಟ್ಟೆಯನ್ನು ಎಳೆದು ಕೊಡವಿದರು. ಒಂದೇ ಒಂದು ತೂತಿಲ್ಲ.

ಅಕ್ಕ ಮರಗಳತ್ತ ನೋಡಿದರು.

"ತಡಿ ಅಕ್ಕಾ," ಎಂದರು ಅವರು. ಅಂಗಿಯ ಜೇಬಿನಿಂದ ಮಡಿಸಿದ ಕರ್ಚೀಫು ತೆಗೆದರು. ಬೆಳ್ಳಗೇ ಇತ್ತು. "ಇದನ್ನ ಹೂಳೋಕೆ ಮನಸ್ಸು ಬರ್ಲಿಲ್ಲ. ನನ್ನ ಹಳೇ ಅಂಗಿ ಹರ್ದು ಹಾಕ್ದೆ. ಬಟ್ಟೆ ಬಟ್ಟೆನೇ ಅಲ್ವಾ ಅಂದ್ಕೊಂಡೆ."

ಅಕ್ಕ ಬಟ್ಟೆಯನ್ನು ಉಜ್ಜಿ ನೋಡಿದರು. "ಲೋ ಕತ್ತೆ, ಇದು ಪಾಲಿಯೆಸ್ಟರ್ ಕಣೋ! ಇದನ್ನ ಮಣ್ಣಿರ್ಲಿ, ನಿನ್ನ ಮೇಕೆಗಳೂ ಮುಟ್ಟಲ್ಲ!"

"ಎರಡು ತಿಂಗಳು ನಾನು ಹೆದರಿ ಸತ್ತಿದೀನಿ," ಎಂದೆ. ದನಿ ಒಡೆಯಿತು.

"ನಾನೂ ಹೆದರಿದ್ದೆ," ಎಂದರು ನೆಲ ನೋಡುತ್ತಾ. "ಕರ್ಚೀಫು ಯಾಕೆ ಇಟ್ಕೊಂಡ್ರಿ ಅಂತ ನೀವು ಕೇಳ್ತೀರಾ ಅಂತ."

"ಯಾಕೆ ಇಟ್ಕೊಂಡ್ರಿ?"

"ನೀವು ಹೋದ್ಮೇಲೂ ಏನಾದ್ರೂ ಉಳೀಲಿ ಅಂತ."

ಅಕ್ಕ ಗುದ್ದಲಿಯನ್ನು ನನ್ನ ಕೈಗೆ ತುರುಕಿದರು. "ಇನ್ನೆರಡು ತಿಂಗಳು ಕೊಟ್ಟಿದೀನಿ. ಈ ಸಲ ನೀವೇ ಹೂಳಿ ಮೇಡಂ. ಇವನನ್ನ ನಂಬ್ಬೇಡಿ."

ಕರ್ಚೀಫನ್ನು ಎರಡಾಗಿ ಹರಿದೆ. ಒಂದು ಅರ್ಧವನ್ನು ಮಣ್ಣಿಗಿಟ್ಟು, ಇನ್ನೊಂದನ್ನು ಅವರ ಜೇಬಿಗೇ ಹಿಂದಿರುಗಿಸಿದೆ. ಬೆರಳಿಗೆ ಅವರ ಎದೆಬಡಿತ ತಾಗಿತು.

ಮತ್ತೆ ಅಗೆಯಲು ಇನ್ನು ಹನ್ನೊಂದು ದಿನ ಇದೆ. ಆ ಮಣ್ಣಿಗೆ ಜೀವ ಬಂದಿದೆಯೋ ಇಲ್ಲವೋ, ನಿಜವಾಗಿ ನನಗೆ ಗೊತ್ತಿಲ್ಲ.