ಸೌದೆಯಿಂದ ಇಳಿದ ಇರುವೆಗಳು

ಚಿಕ್ಕಂದಿನಲ್ಲಿ ಹೊಸ ಮಡಕೆಗೆ ಮೊದಲ ನೀರು ಸುರಿದಾಗ ಏಳುವ ವಾಸನೆಗೆ ಮೂಗೊಡ್ಡಿ ಕೂರುತ್ತಿದ್ದೆ. ಅದರ ಋಣವೋ ಏನೋ, ಮಡಕೆ ಮಾಡುವ ಮನೆಗೇ ಸೊಸೆಯಾಗಿ ಬಂದೆ.

ನಮ್ಮತ್ತೆ ಸೌದೆಯನ್ನು ಹಾಗೇ ಬೆಂಕಿಗೆ ಹಾಕಿದವರಲ್ಲ. ಬೆಂಕಿಯ ಪಕ್ಕ ಮಣೆ ಹಾಕಿ ಕೂತು, ಪ್ರತಿ ತುಂಡನ್ನೂ ನೆಲಕ್ಕೆ ಎರಡು ಸಲ ಕುಟ್ಟಿ, "ಇಳೀರಮ್ಮ, ಬೇಗ ಇಳೀರಿ," ಎಂದು ಇರುವೆಗಳನ್ನು ಇಳಿಸಿಯೇ ಮಡಕೆ ಸುಡುವ ಆವಿಗೆಯ ಬಾಯಿಗೆ ಕೊಡುತ್ತಿದ್ದರು.

"ಇವಳು ಬಸ್ ಕಂಡಕ್ಟರ್ ಆಗ್ಬೇಕಿತ್ತು," ಎಂದು ಮಾವ ರೇಗಿಸುತ್ತಿದ್ದರು.

ಅತ್ತೆ ತೀರಿಕೊಂಡ ಮೇಲೆ, ಅವರು ಕೊನೆಯದಾಗಿ ಎಲೆಯ ಅಚ್ಚೊತ್ತಿ ಮಾಡಿದ್ದ ಬಟ್ಟಲುಗಳನ್ನು ಸುಡುವುದು ನನ್ನ ಪಾಲಿಗೆ ಬಂತು. ಉರಿ ತಗ್ಗಿದರೆ ಎಲ್ಲವೂ ಬಿರುಕು ಬಿಡುತ್ತವೆ. ಆ ಕೈಯ ಬಟ್ಟಲು ಮತ್ತೆ ಸಿಗುವುದಿಲ್ಲ. ಮಧ್ಯಾಹ್ನ ಗಂಡ ಹೊರಗೆ ಹೋಗಿದ್ದರು, ಮಾವ ಅಡುಗೆಗೆ ನಿಂತಿದ್ದರು. ಉರಿಯ ಮುಂದೆ ಕೂತ ನನಗೆ ಕಣ್ಣು ಹತ್ತಿಬಿಟ್ಟಿತು. ನಿದ್ದೆಯಲ್ಲೇ ಟಕ್ ಟಕ್ ಎಂಬ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್ ಟಕ್. ಬೆವರಿದ ಕೆನ್ನೆಗೆ ಒದ್ದೆ ಮಣ್ಣಿನ ತಂಪು ತಾಗಿದಂತಾಯಿತು.

ಗಾಬರಿಯಿಂದ ಎದ್ದು ನೋಡಿದರೆ ಬಿಸಿಲು ಆಗಲೇ ಅಂಗಳ ದಾಟಿತ್ತು. ಬೆಂಕಿ ಮಾತ್ರ ಹದವಾಗಿ ಉರಿಯುತ್ತಿತ್ತು. ಒಟ್ಟಿದ್ದ ಸೌದೆ ಅರ್ಧ ಖಾಲಿಯಾಗಿತ್ತು. ಆವಿಗೆಯ ಬಾಯಿಂದ ಬಾಗಿಲವರೆಗೆ ಇರುವೆಗಳು ಮೊಟ್ಟೆ ಹೊತ್ತು, ಅವಸರವಿಲ್ಲದೆ ಸಾಲಾಗಿ ಹೋಗುತ್ತಿದ್ದವು.

ಊಟ ತಂದ ಮಾವ ಆ ಸಾಲನ್ನು ದಾಟದೆ ನಿಂತರು.

"ಸೌದೆ ನೀನು ಕುಟ್ಟಿದ್ಯೇನಮ್ಮ?"

"ಇಲ್ಲ ಮಾವ. ನಾನು ನಿದ್ದೆ ಹೋಗ್ಬಿಟ್ಟಿದ್ದೆ."

ಮಾವ ಒಳಗೆ ಹೋಗಿ ಇನ್ನೊಂದು ತಟ್ಟೆಗೆ ಬಡಿಸಿಕೊಂಡು ಬಂದರು. ಒಂದನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಬೆಂಕಿಯ ಪಕ್ಕದ ಖಾಲಿ ಮಣೆಯ ಮುಂದೆ ಸದ್ದಾಗದಂತೆ ಇಟ್ಟರು.