ಒಂದು ಯುದ್ಧದಷ್ಟು ಹೊತ್ತು

ಆ ಸೋಮವಾರ ಸಂಜೆ ಮನೆಗೆ ಬಂದಾಗ ನನ್ನ ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ ಇತ್ತು. ಮರುದಿನ ಬೆಳಿಗ್ಗೆ ಹತ್ತರೊಳಗೆ ಆ ಬಣ್ಣದಿಂದ ಒಂದು ಸಾಲನ್ನು ಮುಚ್ಚಿಹಾಕಬೇಕಿತ್ತು. ನಾನೇ ಬರೆದ ಸಾಲು. ಮೂವತ್ತು ವರ್ಷ ಬೋರ್ಡ್ ಬರೆದು ಹೊಟ್ಟೆ ಹೊರೆದವನು ನಾನು. ಬರೆದದ್ದನ್ನು ಅಳಿಸಿದ್ದೂ ಎಷ್ಟೋ ಸಲ. ಆದರೆ ಈ ಸಾಲನ್ನು ಅಳಿಸಲು ನನಗೆ ಮನಸ್ಸಿರಲಿಲ್ಲ.

ಅತ್ತಿಗೆ ಕಿಟಕಿಯ ಬಳಿ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದರು. ನಮ್ಮಣ್ಣ ತೀರಿಕೊಂಡ ಮೇಲೆ ಈ ಮನೆಯ ಮಹಡಿಯಲ್ಲಿ ಅವರು, ಕೆಳಗೆ ನಾನು. ಕೋರ್ಟಿನಲ್ಲಿ ಸಾಕ್ಷಿಗಳ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದವರು. ಈಗ ಊರಿನವರ ಗೋಜಲು ಬಿಡಿಸುವುದೇ ಅವರ ಕಸುಬು. ಅವರ ಹಿಂದೆ ಚೀಲ ಹಿಡಿದುಕೊಂಡು ಹೋಗುವುದು, ಆಮೇಲೆ ಅದನ್ನೆಲ್ಲ ಬರೆದಿಡುವುದು ನನ್ನ ಪಾಲಿಗೆ ಬಂದಿದೆ.

"ಯಾಕೆ, ಮುಖ ಸಪ್ಪಗಿದೆ?" ಎಂದು ಕೇಳಿದರು.

"ಬಾಗಿಲಕ್ಕನ್ನ ಕಳ್ಳಿ ಅಂತಿದ್ದಾರೆ ಅತ್ತಿಗೆ. ನಾಳೆ ಹತ್ತು ಗಂಟೆಗೆ ಕೆಲಸದಿಂದ ತೆಗೀತಾರಂತೆ. ಪೊಲೀಸರಿಗೂ ಹೇಳ್ತಾರಂತೆ."

ಅವರು ಪೆನ್ಸಿಲ್ ಕೆಳಗಿಡಲಿಲ್ಲ, ನೋಟ್‌ಪುಸ್ತಕ ತೆಗೆದುಕೊಂಡರು. "ಮೊದಲಿಂದ ಹೇಳು. ನಿನಗೆ ಅನ್ನಿಸಿದ್ದು ಬೇಡ, ಆದದ್ದು ಹೇಳು."

ಆದದ್ದು ಹೀಗಿತ್ತು. ನಮ್ಮ ಊರಿನ ಮ್ಯೂಸಿಯಂ ನಡೆಸುವವರು ಇತಿಹಾಸದ ನಿವೃತ್ತ ಮೇಷ್ಟ್ರು. ಇಸವಿಗಳನ್ನು ಬಾಯಿಪಾಠ ಮಾಡಿಸಿ ಮಾಡಿಸಿ ಬೇಸತ್ತ ಅವರಿಗೆ ಕೊನೆಗಾಲದಲ್ಲಿ ಒಂದು ಹುಚ್ಚು ಹಿಡಿದಿತ್ತು: ದೊಡ್ಡ ದೊಡ್ಡ ಘಟನೆಗಳು ಎಷ್ಟು ಹೊತ್ತು ನಡೆದವು ಎಂಬುದನ್ನು ಗಂಟೆ, ವರ್ಷಗಳಲ್ಲಿ ಹೇಳದೆ ಜನರ ಕೈಗೆ ಸಿಗುವ ಅಳತೆಯಲ್ಲಿ ಹೇಳಬೇಕು. ಅದಕ್ಕಾಗಿ 'ಎಷ್ಟು ಹೊತ್ತು?' ಎಂಬ ಪ್ರದರ್ಶನ. ಬೋರ್ಡುಗಳನ್ನೆಲ್ಲ ಬರೆದವನು ನಾನು. ಮೊದಲ ವಿಮಾನ ಮೊದಲ ಸಲ ನೆಲಬಿಟ್ಟು ಹಾರಿದ್ದು ಹನ್ನೆರಡು ಸೆಕೆಂಡು, ಅಂದರೆ ನಮ್ಮ ಮ್ಯೂಸಿಯಮ್ಮಿನ ಮೆಟ್ಟಿಲಿಳಿಯುವಷ್ಟು ಹೊತ್ತು. ಜಾಂಜಿಬಾರಿನ ಯುದ್ಧ ಮೂವತ್ತೆಂಟು ನಿಮಿಷಕ್ಕೇ ಮುಗಿದಿತ್ತು, ಅಂದರೆ ನಮ್ಮ ಕ್ಯಾಂಟೀನಿನ ಬಾಯ್ಲರ್ ಕುದಿಯುವಷ್ಟು ಹೊತ್ತು. ಟೈಟಾನಿಕ್ ಹಡಗು ಮುಳುಗಿದ್ದು ಎರಡು ಗಂಟೆ ನಲವತ್ತು ನಿಮಿಷದಲ್ಲಿ. ಅದಕ್ಕೆಂದು ಅಷ್ಟೇ ಹೊತ್ತು ಉರಿಯುವ ದಪ್ಪ ಮೇಣದಬತ್ತಿ ಮಾಡಿಸಿ, ಇಪ್ಪತ್ತು ನಿಮಿಷಕ್ಕೊಂದರಂತೆ ಎಂಟು ಗುರುತು ಹಾಕಿಸಿದ್ದರು.

ಎಲ್ಲಕ್ಕಿಂತ ದೊಡ್ಡ ಬೋರ್ಡು ನೂರು ವರ್ಷದ ಯುದ್ಧದ್ದು. ಹೆಸರಿಗೆ ನೂರು, ನಡೆದದ್ದು ನೂರ ಹದಿನಾರು ವರ್ಷ. ಅದರ ಕೆಳಗೆ ಮೇಷ್ಟ್ರು ತಾವೇ ಯೋಚಿಸಿ ಬರೆಸಿದ ಸಾಲು: 'ನಮ್ಮ ಬಾಗಿಲಕ್ಕನ ಚಾಕರಿ ನಾಲ್ಕು ಸಲ.'

ಬಾಗಿಲಕ್ಕ ಎಂದರೆ ಮಹಡಿಯ ದೊಡ್ಡ ಕೋಣೆಯ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕಾವಲು ಕೂರುವ ಹೆಂಗಸು. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ನಾಲ್ಕರಿಂದ ಗುಣಿಸಿದರೆ ನೂರ ಹದಿನಾರು. ಆ ಸಾಲು ಬರೆದ ದಿನ ಅವಳು ಎದುರಿಗೆ ನಿಂತು ಬಹಳ ಹೊತ್ತು ಓದಿದ್ದಳು. ಐದೇ ಪದ ಓದಲು ಅಷ್ಟು ಹೊತ್ತು ಬೇಡ.

ಈಗ ನಾನು ಮುಚ್ಚಬೇಕಾದದ್ದು ಆ ಸಾಲನ್ನೇ.

"ಇವತ್ತಿನ ಮಾತು ಹೇಳು," ಎಂದರು ಅತ್ತಿಗೆ.

ಸೋಮವಾರ ಮ್ಯೂಸಿಯಮ್ಮಿಗೆ ರಜೆ. ಮೇಷ್ಟ್ರು ಅದನ್ನು 'ಗಡಿಯಾರವಿಲ್ಲದ ದಿನ' ಎಂದು ಸಾರಿ, ನಮ್ಮೆಲ್ಲರ ಕೈಗಡಿಯಾರ, ಫೋನುಗಳನ್ನು ಕ್ಯಾಂಟೀನಿನ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. ಗೋಡೆ ಗಡಿಯಾರಗಳಿಗೆ ಬಟ್ಟೆ ಹೊದಿಸಿದರು. ಜನರಿಗೆ ತೋರಿಸುವ ಮೊದಲು ನಾವೇ ಒಂದು ದಿನ ಈ ಅಳತೆಗಳಲ್ಲಿ ಬದುಕಬೇಕಂತೆ. ಗೇಟಿಗೆ ಬೀಗ. ಒಳಗಿದ್ದವರು ಐದೇ ಜನ: ಮೇಷ್ಟ್ರು, ಬಾಗಿಲಕ್ಕ, ಗಾಜಿನ ಪೆಟ್ಟಿಗೆ ಮಾಡುವ ಬಡಗಿ, ಕ್ಯಾಂಟೀನಿನ ಅಣ್ಣ, ನಾನು.

ದೊಡ್ಡ ಕೋಣೆಯ ಮೂಲೆಯಲ್ಲಿ, ಮರೆಯ ಹಿಂದಿನ ಗಾಜಿನ ಪೆಟ್ಟಿಗೆಯಲ್ಲಿ, ಹಳೆಯ ಹಡಗೊಂದರ ಮರಳು ಗಡಿಯಾರವಿತ್ತು. ಇನ್ನೂರು ವರ್ಷದ್ದು, ಒಂದು ಮನೆತನದವರು ನಂಬಿಕೆಯ ಮೇಲೆ ಕೊಟ್ಟದ್ದು. ಬೆಳಿಗ್ಗೆ ಆ ಪೆಟ್ಟಿಗೆಯ ಬಾಗಿಲು ಬಿಗಿಯಾಗಿ ಸಿಕ್ಕಿಕೊಂಡು, ಮೇಷ್ಟ್ರು ಎರಡೂ ಕೈಯಲ್ಲಿ ಎಳೆದು ತೆಗೆಯಬೇಕಾಯಿತು. ನಾಳೆ ಮರಳು ಗಡಿಯಾರ ಹೊರಗೆ ತೆಗೆದ ಮೇಲೆ ಅಂಚು ಕೀಸಿಕೊಡು ಎಂದು ಬಡಗಿಗೆ ಹೇಳಿದರು.

ದೊಡ್ಡ ಕೋಣೆಯಲ್ಲಿ ಹಚ್ಚಿಟ್ಟ ಮೇಣದಬತ್ತಿ ಮೂರನೆಯ ಗುರುತಿಗೆ ಬಂದಾಗ ಮರಳು ಗಡಿಯಾರ ಇದ್ದಲ್ಲೇ ಇತ್ತು, ಎಲ್ಲರೂ ನೋಡಿದ್ದೆವು. ಮೇಷ್ಟ್ರು ಚಹಾಕ್ಕೆ ನೀರಿಡಲು ಕೂಗಿ ಹೇಳಿ ತಮ್ಮ ಕೋಣೆಗೆ ಹೋದರು. ನೀರು ಕುದಿದ ಕೂಡಲೇ ಕ್ಯಾಂಟೀನಿನಲ್ಲಿ ಚಹಾದ ಗಂಟೆ ಹೊಡೆಯುವುದು ವಾಡಿಕೆ. ನಾನು ಹಿಂದಿನ ಶೆಡ್ಡಿಗೆ ಹೋಗಿ ಬರೆಯಲು ಕೂತೆ. ಐದನೆಯ ಗುರುತಿಗೆ, ಅಂದರೆ ನಲವತ್ತು ನಿಮಿಷದ ಮೇಲೆ, ಮೇಷ್ಟ್ರು ಮರಳಿ ಬಂದು ನೋಡಿದರೆ ಪೆಟ್ಟಿಗೆ ಖಾಲಿ. ಬಾಗಿಲಕ್ಕ ಹೊರಗೆ ಕುರ್ಚಿಯಲ್ಲಿದ್ದಳು.

ಆಮೇಲೆ ಮೇಷ್ಟ್ರು ಲೆಕ್ಕ ಮಾಡಿದರು. ನೀರಿಟ್ಟಾಗಲೇ ಬಡಗಿ ಬಂದು ಕೂತವನು ಕುದಿಯುವವರೆಗೂ ಎದ್ದಿಲ್ಲ, ಮೊದಲ ಲೋಟ ಅವನದೇ, ಪೂರ್ತಿ ಒಂದು ಯುದ್ಧದಷ್ಟು ಹೊತ್ತು ತನ್ನ ಕಣ್ಣೆದುರಿಗೇ ಇದ್ದ ಎಂದು ಕ್ಯಾಂಟೀನಿನ ಅಣ್ಣ ಹೇಳಿದ. ಬಾಗಿಲಕ್ಕ ಬೇರೆಯೇ ಹೇಳಿದಳು. ಚಹಾದ ಗಂಟೆ ಕೇಳಿ ಬಾಗಿಲು ಎಳೆದುಕೊಂಡು ಹೋದೆ, ಲೋಟ ತೆಗೆದುಕೊಂಡು ಅಂಗಳದಲ್ಲಿ ಒಬ್ಬಳೇ ಕೂತು ನಿಧಾನಕ್ಕೆ ಕುಡಿದೆ, ಮರಳಿ ಬಂದು ಬಹಳ ಹೊತ್ತು ಕೂತಿದ್ದೆ, ಆಮೇಲೆ ನೀವು ಬಂದಿರಿ ಎಂದಳು. ಯುದ್ಧ ಮೂವತ್ತೆಂಟು ನಿಮಿಷ, ತಾವು ಬಂದದ್ದು ನಲವತ್ತಕ್ಕೆ, ನಡುವೆ ಎರಡೇ ನಿಮಿಷದಲ್ಲಿ ಕೂತು ಕುಡಿದು ಬಹಳ ಹೊತ್ತು ಇರುವುದು ಹೇಗೆ ಎಂದು ಮೇಷ್ಟ್ರು ಕೇಳಿದರು. ಅವಳು ಹೇಳಿದ್ದನ್ನೇ ಇನ್ನೊಂದು ಸಲ ಹೇಳಿದಳು. ಸುಳ್ಳು ಹೇಳಿದವಳೇ ಕದ್ದವಳು ಎಂದು ಅಲ್ಲಿಗೆ ತೀರ್ಮಾನವಾಯಿತು.

ಅತ್ತಿಗೆ ಪುಟ ತಿರುಗಿಸಿದರು. "ಆ ಹೊತ್ತಲ್ಲಿ ನೀನೇನು ಮಾಡ್ತಿದ್ದೆ?"

ನನಗೆ ಹೇಳಲು ನಾಚಿಕೆ. "ನನ್ನ ಕಥೆ ಬಿಡಿ. ಬಾಯ್ಲರ್ ಕುದಿಯೋದರೊಳಗೆ ಒಂದು ಸಾಲು ಮುಗಿಸ್ತೀನಿ, ಒಂದು ತಿಂಗಳಿಂದ ಹಾಗೇ ನಡೆದಿದೆ. ಇವತ್ತು ಚಹಾದ ಗಂಟೆ ಹೊಡೆದಾಗ ನಾಲ್ಕು ಅಕ್ಷರವೂ ಆಗಿರಲಿಲ್ಲ. ಕೈ ಸೋತಿದೆ ಅತ್ತಿಗೆ, ವಯಸ್ಸಾಯ್ತು."

"ಆಮೇಲೆ?"

"ಚಹಾ ಬೇಡ ಅಂತ ಹಟ ಹಿಡಿದು ಬರೀತಾ ಕೂತೆ. ಮೇಷ್ಟ್ರು ಕೂಗೋ ಹೊತ್ತಿಗೆ ಸಾಲು ಮುಗಿದಿತ್ತು."

ಅತ್ತಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ನೋಟ್‌ಪುಸ್ತಕ ಮುಚ್ಚಿ, ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕು, ಬಣ್ಣ ಒಣಗೀತು ಎಂದಷ್ಟೇ ಹೇಳಿ ಒಳಗೆ ಹೋದರು. ಅವರ ಈ ಚಾಳಿ ನನಗೆ ಮೈಯುರಿಸುತ್ತದೆ.

ಬೆಳಿಗ್ಗೆ ಎಂಟಕ್ಕೇ ನಾವು ಮ್ಯೂಸಿಯಮ್ಮಿನಲ್ಲಿದ್ದೆವು. ಮೇಷ್ಟ್ರು ರಾತ್ರಿ ನಿದ್ದೆ ಮಾಡಿದಂತೆ ಕಾಣಲಿಲ್ಲ. ಅವರು ಕೆಟ್ಟವರಲ್ಲ, ಲೆಕ್ಕದ ಕೈಗೆ ಸಿಕ್ಕಿಬಿದ್ದವರು. ಅತ್ತಿಗೆ ಮೊದಲು ಖಾಲಿ ಪೆಟ್ಟಿಗೆಯ ಹತ್ತಿರ ಹೋದರು. ಒಂದೇ ಬೆರಳಿನಿಂದ ಅದರ ಬಾಗಿಲನ್ನು ಎಳೆದರು, ಅದು ಸದ್ದಿಲ್ಲದೆ ತೆರೆದುಕೊಂಡಿತು. ಎರಡು ಸಲ ಹಾಕಿ ತೆಗೆದು ನೋಡಿದರು. ಪೆಟ್ಟಿಗೆಯ ತಳದ ಸಂದಿನಲ್ಲಿ ಪೆನ್ಸಿಲ್ ಮೊನೆ ಆಡಿಸಿ, ಅದಕ್ಕೆ ಹತ್ತಿದ ನುಣ್ಣನೆಯ ಬಿಳಿ ಪುಡಿಯನ್ನು ಕಾಗದದ ಮೇಲೆ ಉದುರಿಸಿಕೊಂಡರು.

ಅಲ್ಲಿಂದ ಕ್ಯಾಂಟೀನಿಗೆ. ಬಾಯ್ಲರಿನ ಮುಚ್ಚಳ ಎತ್ತಿ ಒಳಗೆ ಇಣುಕಿದರು.

"ದಿನಾ ಎಷ್ಟು ಲೋಟ ಚಹಾ ಮಾಡ್ತೀಯಪ್ಪಾ?"

"ಜನ ಬರೋ ದಿನ ಐವತ್ತರವತ್ತು ಆಗತ್ತಮ್ಮಾ. ಬಾಯ್ಲರ್ ತುಂಬ ನೀರು."

"ನಿನ್ನೆ?"

"ನಿನ್ನೆ ರಜೆಯಲ್ವಾ, ಐದೇ ಲೋಟ."

ಅತ್ತಿಗೆ ಮುಚ್ಚಳ ಮುಚ್ಚಿದರು. ಒಂಬತ್ತಕ್ಕೆ ಎಲ್ಲರನ್ನೂ ಕ್ಯಾಂಟೀನಿನಲ್ಲೇ ಸೇರಿಸಿ ಎಂದು ಮೇಷ್ಟ್ರಿಗೆ ಹೇಳಿದರು.

ಎಲ್ಲರೂ ಬಂದರು. ಬಡಗಿ ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಕೂತ. ಬಾಗಿಲಕ್ಕ ಕೂರಲಿಲ್ಲ. ಇಷ್ಟು ವರ್ಷದಲ್ಲಿ ಎಲ್ಲರೂ ಕೂತಿರುವಾಗ ಅವಳೊಬ್ಬಳೇ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅತ್ತಿಗೆ ಹೊಸ ಮೇಣದಬತ್ತಿಯೊಂದನ್ನು ಮೇಜಿನ ಮೇಲೆ ಹಚ್ಚಿಟ್ಟರು. ನಿನ್ನೆಯಷ್ಟೇ ನೀರು ಹಾಕಿ ನಿನ್ನೆಯಷ್ಟೇ ಉರಿಯಿಡು ಎಂದು ಕ್ಯಾಂಟೀನಿನ ಅಣ್ಣನಿಗೆ ಹೇಳಿದರು. ಮೇಷ್ಟ್ರು ಬತ್ತಿಯನ್ನೂ ಬಾಯ್ಲರನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದರು. ಬತ್ತಿ ಮೊದಲನೆಯ ಗುರುತಿನ ಅರ್ಧಕ್ಕೆ ಇನ್ನೇನು ಬರಬೇಕು, ಅಷ್ಟರಲ್ಲಿ ನೀರು ಕೊತಕೊತ ಕುದಿಯಿತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಹತ್ತು ನಿಮಿಷವೂ ಆಗಲಿಲ್ಲ," ಎಂದರು.

"ತುಂಬಿದ ಬಾಯ್ಲರ್ ಕುದಿಯೋಕೆ ಮೂವತ್ತೆಂಟು ನಿಮಿಷ ಅಂತ ನೀವು ಅಳೆದಿದ್ದು ನಿಜ ಮೇಷ್ಟ್ರೇ," ಎಂದರು ಅತ್ತಿಗೆ. "ಆಮೇಲೆ ಒಂದು ತಿಂಗಳು ನೀವೆಲ್ಲ ಬಾಯ್ಲರ್ ಕುದಿಯೋದಕ್ಕೇ ಯುದ್ಧ ಅಂತ ಕರೀತಾ ಬಂದ್ರಿ. ನಿನ್ನೆ ಗಡಿಯಾರ ಎಲ್ಲ ಬೀಗದೊಳಗೆ. ಬಾಯ್ಲರ್ ಒಂದು ಸಲ ಕುದೀತು, ಅಣ್ಣ ಒಂದು ಯುದ್ಧ ಅಂದ. ಅವನು ಸುಳ್ಳು ಹೇಳಲಿಲ್ಲ. ನೀರು ಎಷ್ಟಿತ್ತು ಅಂತ ಯಾರೂ ಕೇಳಲಿಲ್ಲ."

ಕ್ಯಾಂಟೀನಿನ ಅಣ್ಣ ತಲೆ ಮೇಲೆ ಕೈಯಿಟ್ಟುಕೊಂಡ.

ಅತ್ತಿಗೆ ಒಂದೊಂದಾಗಿ ಬಿಡಿಸಿ ಹೇಳಿದರು. ಅನುಮಾನ ಮೊದಲು ಬಂದದ್ದು ನನ್ನ ಅಕ್ಷರಗಳಿಂದ. ಗಂಟೆ ಹೊಡೆಯುವವರೆಗೆ ನಾಲ್ಕು ಅಕ್ಷರವೂ ಆಗದವನು, ಗಂಟೆಯಿಂದ ಮೇಷ್ಟ್ರು ಕೂಗುವವರೆಗೆ ಉಳಿದ ಸಾಲನ್ನು ಪೂರ್ತಿ ಮುಗಿಸಿದ್ದೆ. ಎರಡು ನಿಮಿಷದಲ್ಲಿ ಅಷ್ಟು ಬರೆಯುವ ಕೈ ನನ್ನದಲ್ಲ. ಹಾಗಾದರೆ ಚಹಾ ಬೇಗ ಆಗಿತ್ತು, ಆಮೇಲೆ ಅರ್ಧ ಗಂಟೆ ಉಳಿದಿತ್ತು. ಬಾಗಿಲಕ್ಕ ಅಂಗಳದಲ್ಲಿ ಕೂತು ಚಹಾ ಕುಡಿಯಲು, ಮರಳಿ ಬಂದು ಬಹಳ ಹೊತ್ತು ಕೂರಲು ಬೇಕಾದಷ್ಟು ಸಮಯ. ಅವಳು ಹೇಳಿದ್ದು ಅಕ್ಷರಶಃ ನಿಜ.

"ಇವನ ಕೈ ಸೋತಿಲ್ಲ," ಎಂದು ನನ್ನ ಕಡೆ ತೋರಿಸಿದರು. "ಸೊಕ್ಕು ಮಾತ್ರ ಹಾಗೇ ಇದೆ." ಅಷ್ಟು ಜನರೆದುರು ಬೈಸಿಕೊಂಡರೂ ನನಗೆ ಖುಷಿಯೇ ಆಯಿತು.

"ಅವಳು ಅಂಗಳದಲ್ಲಿದ್ದಾಗ ಯಾರು ಬೇಕಾದರೂ ಹೋಗಿರಬಹುದಲ್ಲ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

"ಹೋಗಬಹುದಿತ್ತು, ನೀವೂ ಸೇರಿ. ಆದರೆ ಆ ಪೆಟ್ಟಿಗೆ ಬಾಗಿಲು ನಿನ್ನೆ ಬೆಳಿಗ್ಗೆ ನಿಮ್ಮ ಎರಡು ಕೈಗೂ ಸುಲಭಕ್ಕೆ ಬರಲಿಲ್ಲ. ಇವತ್ತು ನನ್ನ ಒಂದು ಬೆರಳಿಗೆ ಬಂತು. ಕಳ್ಳ ಆದವನು ಕದ್ದು ಹೋಗ್ತಾನೆ. ಬಾಗಿಲು ರಿಪೇರಿ ಮಾಡಿ ಹೋಗಲ್ಲ."

ಎಲ್ಲರೂ ಬೆಂಚಿನ ತುದಿಯ ಕಡೆ ನೋಡಿದರು. ಬಡಗಿ ಎದ್ದು ನಿಂತಿದ್ದ. "ಇದು ಗಡಿಯಾರದ ಮರಳು. ಅದು ಕಳುವಾಗಿಲ್ಲ, ಒಡೆದಿದೆ," ಎಂದು ಅತ್ತಿಗೆ ಬಿಳಿ ಪುಡಿಯ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟರು.

ಅವನು ಅಡ್ಡಮಾತು ಆಡಲಿಲ್ಲ. ಚಹಾ ಬೇಗ ಆಯಿತು, ಕೈ ಖಾಲಿಯಿತ್ತು, ನಾಳೆಯ ಕೆಲಸ ಇವತ್ತೇ ಮುಗಿಸಿಬಿಡೋಣ ಎಂದು ಕೀಸುಳಿ ಹಿಡಿದು ಮೇಲೆ ಹೋದನಂತೆ. ಮರಳು ಗಡಿಯಾರ ತೆಗೆದಿಡಬೇಕೆಂಬುದು ನೆನಪಿತ್ತು, ಆದರೆ ಅದನ್ನು ಮುಟ್ಟಲೇ ಭಯ. ಒಳಗಿರುವಾಗಲೇ ಅಂಚು ಕೀಸಿದ. ಕೊನೆಯಲ್ಲಿ ಬಾಗಿಲು ಒತ್ತಿ ನೋಡಿದಾಗ ಪೆಟ್ಟಿಗೆ ಅಲುಗಿತು, ಗಡಿಯಾರ ಮಗುಚಿತು, ಗಾಜು ಒಡೆಯಿತು. ಚೂರುಗಳನ್ನೂ ಮರದ ಹೊಟ್ಟನ್ನೂ ತನ್ನ ಉಪಕರಣದ ಪೆಟ್ಟಿಗೆಯೊಳಗೆ ತುಂಬಿಕೊಂಡು ಕೆಳಗಿಳಿದ.

"ಹೇಳಬೇಕು ಅಂತಲೇ ಬರ್ತಿದ್ದೆ," ಎಂದ. "ಅಷ್ಟರಲ್ಲಿ ನಾನು ಒಂದು ಯುದ್ಧದಷ್ಟು ಹೊತ್ತು ಇಲ್ಲೇ ಇದ್ದೆ ಅಂತ ಅಣ್ಣ ಹೇಳಿಬಿಟ್ಟ. ನಾನು ಸುಮ್ಮನಾದೆ. ಸುಮ್ಮನಿದ್ದರೆ ಅಕ್ಕನ ಮೇಲೆ ಬರತ್ತೆ ಅಂತ ಆಮೇಲೆ ಗೊತ್ತಾಯ್ತು. ಆಗಲೂ ಸುಮ್ಮನಿದ್ದೆ."

ಅವನು ಬಾಗಿಲಕ್ಕನ ಕಡೆ ತಿರುಗಿ ಕೈ ಮುಗಿದ. ಅವಳು ಅವನನ್ನು ನೋಡಲೂ ಇಲ್ಲ, ಬೈಯಲೂ ಇಲ್ಲ.

ಮೇಷ್ಟ್ರು ಅವಳೆದುರಿಗೆ ಹೋಗಿ ನಿಂತರು. "ತಪ್ಪಾಯ್ತಮ್ಮಾ. ನನ್ನ ಲೆಕ್ಕ ಸರಿಯಿದೆ ಅಂತ ನಿನ್ನ ಮಾತು ನಂಬಲಿಲ್ಲ," ಎಂದರು.

"ನಿನ್ನೆ ಸಂಜೆಯಿಂದ ಇವತ್ತು ಬೆಳಗಿನವರೆಗೆ ನಾನು ಕಳ್ಳಿಯಾಗಿದ್ದೆ ಮೇಷ್ಟ್ರೇ," ಎಂದಳು ಅವಳು. ಧ್ವನಿ ಏರಿಸಲಿಲ್ಲ. "ಅದು ಎಷ್ಟು ಹೊತ್ತು ಅಂತ ಬರೆಯೋ ಬೋರ್ಡು ನಿಮ್ಮ ಹತ್ರ ಇಲ್ಲ."

ಮೇಷ್ಟ್ರು ಜೇಬಿನಿಂದ ಬೀಗದ ಕೈ ತೆಗೆದು, ನಿನ್ನೆಯ ಗದ್ದಲದಲ್ಲಿ ಯಾರೂ ತೆಗೆಸದೆ ಹಾಗೇ ಉಳಿದಿದ್ದ ಮೇಜಿನ ಖಾನೆ ತೆರೆದು, ಎಲ್ಲಕ್ಕಿಂತ ಮೊದಲು ಅವಳ ಕೈಗಡಿಯಾರವನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು. ಅವಳು ಅದನ್ನು ಕಟ್ಟಿಕೊಂಡು, ಕಿವಿಗೆ ಹಿಡಿದು ನೋಡಿ, ಮೇಲೆ ಹೊರಟಳು. ನಾವೂ ಹಿಂದೆ ಹೋದೆವು.

ದೊಡ್ಡ ಬೋರ್ಡಿನೆದುರು ಅವಳು ನಿಂತಳು. ಆ ಸಾಲನ್ನು ಮುಚ್ಚುವುದಿಲ್ಲ ಅಕ್ಕಾ ಎಂದು ನಾನು ಹೇಳಿದೆ. ಡಬ್ಬಿ ಮಾತ್ರ ಇನ್ನೂ ನನ್ನ ಕೈಯಲ್ಲೇ ಇತ್ತು.

"ಈ ನಾಲ್ಕು ಸಲ ಅನ್ನೋದು ಸರಿಯಿಲ್ಲ," ಎಂದಳು. "ನನಗೆ ಇಲ್ಲಿ ಇಪ್ಪತ್ತೊಂಬತ್ತು ವರ್ಷ ತುಂಬೋದು ಈ ತಿಂಗಳ ಕೊನೆಗೆ. ಇನ್ನೂ ಹನ್ನೊಂದು ದಿನ ಬಾಕಿ ಇದೆ."

ಮೇಷ್ಟ್ರು, "ಹಾಗಾದರೆ ತಿದ್ದಿಸಲಾ?" ಎಂದರು.

"ಬೇಡ. ತುಂಬಿಸ್ತೀನಿ," ಎಂದು ಹೇಳಿ, ಬಾಗಿಲ ಹೊರಗೆ ಹೋಗಿ, ಕುರ್ಚಿಯ ಧೂಳು ಸೆರಗಿನಿಂದ ಒರೆಸಿ ಕೂತಳು.