ಗುಂಡಿಯ ಗೋಡೆ ಹೇಳಿದ್ದು

"ನಿಲ್ಲಿಸೀ...!"

ಅವಳು ಕೈ ಎತ್ತಿದಳು. ಜೆಸಿಬಿಯ ಬಕೆಟ್ ಗಕ್ಕನೆ ನಿಂತಿತು. ಕ್ಯಾಬಿನ್ನಿನಿಂದ ಮುಖವೊಂದು ಬಗ್ಗಿತು.

ಅವನೇ!

ಹಳೇ ಊರಿನ ನಡುವೆ ಯಾರೇ ಪಾಯ ತೆಗೆದರೂ ಪುರಾತತ್ವ ಇಲಾಖೆಯ ಪರವಾಗಿ ಪಕ್ಕದಲ್ಲಿ ನಿಂತು ಕಾಯುವುದು ಅವಳ ಕೆಲಸ. ಹಳೆಯದೇನಾದರೂ ಕಂಡರೆ ಅವಳ ಕೈ ಮೇಲೇಳಬೇಕು, ಯಂತ್ರ ನಿಲ್ಲಬೇಕು.

ವರ್ಷದ ಹಿಂದೆ ಇದೇ ಗುಂಡಿಯಲ್ಲಿ ಅವಳು ಕೈ ಎತ್ತಿದ್ದಳು. ಅವನು ನಿಲ್ಲಿಸಲಿಲ್ಲ. ಆಗಷ್ಟೇ ಮಣ್ಣೊಳಗಿಂದ ಕಂಡಿದ್ದ, ಯಾವುದೋ ಕಾಲದ ಹೆಂಗಸಿನ ತಲೆಬುರುಡೆ... ಕಟಕ್!

ಆ ಸದ್ದು ಅವಳನ್ನು ಬಿಟ್ಟೇ ಇಲ್ಲ. ಒಣಗಿದ ಎಲೆ ತುಳಿದರೂ ಅದೇ. ಕನ್ನಡಿ ಮುಂದೆ ತಲೆ ಬಾಚುವಾಗ ಬೆನ್ನ ಹಿಂದೆ ಯಾರೋ ನಿಂತು, 'ಹಿಂದೆ ನೋಡು...' ಎಂದಂತಾಗುತ್ತದೆ. ತಿರುಗಿದರೆ ಬರೀ ಗೋಡೆ.

'ನಿರ್ಲಕ್ಷ್ಯ' ಎಂದು ಅವಳು ವರದಿಯಲ್ಲಿ ಬರೆದ ಒಂದೇ ಪದಕ್ಕೆ ಅವನ ಕೆಲಸ ಹೋಯಿತು. ಇಬ್ಬರ ಮದುವೆ ಮಾತೂ ಮುರಿಯಿತು. ಬರೆಯಬಲ್ಲವರು ಬರೆದರು. ಡ್ರೈವರನ್ನು ಕೇಳಿದವರು ಯಾರು?

ಮೇಸ್ತ್ರಿ ಹಾಳೆ ಹಿಡಿದು ಓಡಿ ಬಂದ.

"ತಾಯೀ, ಇವ್ನು ಇವತ್ತಷ್ಟೇ ಕೆಲಸಕ್ಕೆ ಬಂದಿದ್ದು. ಇವ್ನ ಹಳೇ ಕಥೆ ನಂಗೂ ಗೊತ್ತು. ನೀವು ಸಹಿ ಹಾಕಿದ್ರೆ ಇರ್ತಾನೆ, ಇಲ್ಲಾಂದ್ರೆ ಈಗ್ಲೇ ಗಂಟುಮೂಟೆ. ಬೇಗ ಹೇಳಿ. ನಂಗೆ ಸತ್ತೋರಿಗಿಂತ ಬದುಕಿರೋ ಎಂಜಿನಿಯರ್ ಭಯಾನೇ ಜಾಸ್ತಿ!"

"ಇಳಿದು ನೋಡಿ ಹೇಳ್ತೀನಿ."

ಅಂದು ಕೆಲಸ ನಿಲ್ಲಿಸಿ ತುಂಬಿದ್ದ ಸಡಿಲ ಮಣ್ಣು ಈಗಷ್ಟೇ ಉದುರಿ, ಗುಂಡಿಯ ಹಳೇ ಬದಿ ಬಯಲಾಗಿತ್ತು. ಅದಕ್ಕೇ ಅವಳು ಕೈ ಎತ್ತಿದ್ದು. ಕರಣೆಯಿಂದ ಮೆಲ್ಲಗೆ ಕೆರೆದಳು.

ಮೇಲಿನಿಂದ ಕೆಳಗಿನವರೆಗೆ ಕೈ ತೂರುವಷ್ಟು ಬಿರುಕು! ಅದರ ಮೇಲೆಯೇ, ಎದೆಮಟ್ಟಕ್ಕೆ, ಬಕೆಟ್ಟಿನಷ್ಟೇ ಅಗಲದ ನುಣುಪಾದ ತಗ್ಗು. ಅಗೆದಿದ್ದರೆ ಮೂಡಬೇಕಿದ್ದ ಬಕೆಟ್ ಹಲ್ಲಿನ ಗೆರೆ ಒಂದೂ ಇಲ್ಲ.

ಬಕೆಟ್ಟಿನ ಬೆನ್ನಿನಿಂದ ಯಾರು ಅಗೆಯುತ್ತಾರೆ?

ಯಾರೂ ಅಗೆಯುವುದಿಲ್ಲ. ಬೀಳುವ ಮಣ್ಣಿಗೆ ಅದನ್ನು ಆನಿಸಿ ಹಿಡಿಯುತ್ತಾರೆ.

ಅಂದು ಅವಳು ನಿಂತಿದ್ದದ್ದು ಅಲ್ಲಿಂದ ಒಂದೇ ಹೆಜ್ಜೆ ಪಕ್ಕಕ್ಕೆ... ಗೋಡೆಗೆ ಬೆನ್ನು ಹಾಕಿ! ಬಕೆಟ್ ಹಾದ ದಾರಿಯಲ್ಲೇ ಬುರುಡೆ ಇತ್ತು; ಅದನ್ನೇ ನೋಡುತ್ತಿದ್ದ ಅವಳು ಬಕೆಟ್ ಎಲ್ಲಿ ಹೋಗಿ ನಿಂತಿತೆಂದು ನೋಡಿರಲೇ ಇಲ್ಲ.

'ಮುನ್ನೂರು ವರ್ಷದ ಮಣ್ಣು ಓದೋಳು ನಾನು... ಒಂದೇ ವರ್ಷದ್ದು ಓದ್ಲಿಲ್ವಲ್ಲಾ!'

ಮೇಲಿನಿಂದ ಅವನ ನೆರಳು ಬಿತ್ತು.

"ಇದು... ಬೀಳ್ತಿತ್ತಾ?"

"ನಿಮ್ಮ ಮೇಲೇ, ಮೇಡಂ."

"ಮೇಡಂ ಅನ್ಬೇಡ! ಯಾಕೆ ಹೇಳ್ಲಿಲ್ಲ?"

"ಹಿಂದೆ ನೋಡು ಅಂತ ಗಂಟಲು ಹರ್ಕೊಂಡೆ. ಎಂಜಿನ್ ಸದ್ದು... ಆಮೇಲೆ ಮೂರು ಸಲ ನಿನ್ನ ಆಫೀಸಿಗೆ ಬಂದೆ. ಬರೆದಾಗಿದೆ ಹೋಗಯ್ಯಾ ಅಂದ್ರು. ಹಾಳೆ ತೋರಿಸಿದ್ರು. ನಿನ್ನ ಅಕ್ಷರ ನಂಗೆ ಗೊತ್ತಾಗಲ್ವಾ?"

ಅವಳು ಗೋಡೆಯತ್ತ ತಿರುಗಿದಳು. ಹಿಂದೆ ನೋಡು... ವರ್ಷವಿಡೀ ಬೆನ್ನ ಹಿಂದೆ ನಿಂತಿದ್ದು ಸತ್ತವಳೋ, ಇವನ ಕೂಗೋ?

"ಆ ಬುರುಡೆಯವಳು ನಂಗೆ ಕನಸಲ್ಲಿ ಬರ್ತಾಳೆ," ಎಂದ ಅವನು. "ತಪ್ಪಾಯ್ತಮ್ಮಾ ಅಂತೀನಿ... ನಿನ್ನ ಒಡೆದು ಇವಳನ್ನ ಉಳಿಸ್ಕೊಂಡೆ."

ಅವಳು ಅಳುತ್ತಲೇ ಮೇಲೆ ಹತ್ತಿ ಹಾಳೆ ಕಸಿದುಕೊಂಡು ಬರೆದಳು: 'ಅಂದು ಆಪರೇಟರ್ ನಿಲ್ಲಿಸಲಿಲ್ಲ. ಅದರಿಂದಲೇ ನಾನು ಬದುಕಿದ್ದೇನೆ. ನನ್ನ ಹಿಂದಿನ ವರದಿ ತಪ್ಪು.' ಕೆಳಗೆ ಸಹಿ.

ಮೇಸ್ತ್ರಿ ಓದಿ ತಲೆ ಕೆರೆದುಕೊಂಡ. "ಇದನ್ನ ಯಾವ ಫೈಲಿಗೆ ಹಾಕ್ಲಿ ತಾಯೀ?"

ಅವಳಿಗೆ ಅದು ಕೇಳಿಸಲೇ ಇಲ್ಲ. ಅವನ ಮಣ್ಣುಗೈ ಹಿಡಿದಿದ್ದಳು.

"ಇನ್ಮೇಲೆ ನಾನು ಕೈ ಎತ್ತಿದ್ರೆ ನಿಲ್ಲಿಸ್ತೀಯಾ?"

"ಮೊದ್ಲು ನಿನ್ನ ಬೆನ್ನ ಹಿಂದೆ ನೋಡ್ತೀನಿ," ಎಂದ ಅವನು. "ಆಮೇಲೆ ನಿಲ್ಲಿಸ್ತೀನಿ."